ಲಿನಕ್ಸ್‌ನಲ್ಲಿ ಹೊರಗಿನ ಮಾನಿಟರ್ ಮಸುಕು: ಲ್ಯಾಪ್‌ಟಾಪ್ ಪರದೆ ಸ್ಪಷ್ಟ, 27 ಇಂಚಿನದರಲ್ಲಿ ಒತ್ತಕ್ಷರ ಓದಕ್ಕಾಗ್ತಿಲ್ಲ

ತುಂಗಾತಟ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸಹಕಾರ ಸಂಘದ ಕಚೇರಿಯ ಎರಡು ಯಂತ್ರಗಳ ವಿಷಯ ಕೇಳ್ಬೇಕಿತ್ತು. ಎರಡರಲ್ಲೂ ಉಬುಂಟು 24.04 ಇದೆ.

ಒಂದನೆಯದು 14 ಇಂಚಿನ ಲ್ಯಾಪ್‌ಟಾಪ್, ಪರದೆ 1920×1080. ಅದಕ್ಕೆ ಯುಎಸ್‌ಬಿ-ಸಿ ಹಬ್ ಹಾಕಿ, ಹಬ್‌ನಿಂದ ಎಚ್‌ಡಿಎಂಐ ಕೇಬಲ್‌ನಲ್ಲಿ 27 ಇಂಚಿನ ಮಾನಿಟರ್‌ಗೆ ಕೊಟ್ಟಿದೆ. ಮಾನಿಟರ್ ಪ್ಯಾನಲ್ 2560×1440. ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರೋ ಹಾಗೆ ಇಟ್ಟಿದೀವಿ, ಕೌಂಟರ್ ಆಚೆ ಕೂತ ಸದಸ್ಯರಿಗೂ ಲೆಕ್ಕ ಕಾಣಬೇಕು ಅಂತ. ಸ್ಕೇಲ್ 125%. ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಚೆನ್ನಾಗಿದೆ, ದೊಡ್ಡದರಲ್ಲಿ ಮಾತ್ರ ಮಸುಕು. ಫೈರ್‌ಫಾಕ್ಸ್ ಪರವಾಗಿಲ್ಲ. ಲಿಬ್ರೆಆಫೀಸ್ ಮತ್ತು ಲೆಕ್ಕದ ಜಾವಾ ತಂತ್ರಾಂಶ ಎರಡೂ ತೀರಾ ಮಸುಕು. "ಸ್ತ್ರ", "ಕ್ಷ್ಮ" ತರದ್ದು ಬಂದರೆ ಕೆಳಗಿನ ಒತ್ತೆಲ್ಲ ಒಂದು ಕಪ್ಪು ಮುದ್ದೆ. ಕೇಬಲ್ ಬದಲಾಯಿಸಿ ನೋಡಿದೆ, ವ್ಯತ್ಯಾಸ ಇಲ್ಲ.

ಎರಡನೆಯದು ಹಳೇ ಡೆಸ್ಕ್‌ಟಾಪ್. ವಿಜಿಎ ಕೇಬಲ್, 21.5 ಇಂಚಿನ 1920×1080 ಮಾನಿಟರ್, ಎಕ್ಸ್‌ಆರ್ಗ್ (ಕಿಟಕಿಗಳನ್ನು ಪರದೆ ಮೇಲೆ ತೋರಿಸೋ ಹಳೇ ವ್ಯವಸ್ಥೆ) ಸೆಷನ್. ಮಳೆ ಹಿಡಿದ ಮೇಲೆ ಇದರಲ್ಲಿ 1024×768ಕ್ಕಿಂತ ದೊಡ್ಡದು ಪಟ್ಟಿಯಲ್ಲೇ ಬರ್ತಿಲ್ಲ. ಅಕ್ಷರ ಅಡ್ಡಕ್ಕೆ ಎಳೆದ ಹಾಗಿದೆ, ಮಸುಕೂ ಹೌದು.

ಮಾನಿಟರ್‌ಗಳನ್ನೇ ಬದಲಾಯಿಸಬೇಕಾ, ಅಥವಾ ಸೆಟ್ಟಿಂಗ್‌ನಲ್ಲಿ ಸರಿಹೋಗ್ತದಾ?

ಕೊಡಚಾದ್ರಿ

ಮಾನಿಟರ್ ಬದಲಾಯಿಸಬೇಡಿ ಮಾರಾಯ್ರೆ, ಎರಡೂ ಬೇರೆ ಬೇರೆ ತೊಂದರೆ. ಎರಡರಲ್ಲೂ ಪ್ಯಾನಲ್ ಕೆಟ್ಟಿರೋ ಲಕ್ಷಣ ಇಲ್ಲ.

ಎಲ್‌ಸಿಡಿ ಪ್ಯಾನಲ್‌ಗೆ ಎಣಿಸಿಟ್ಟ ಪಿಕ್ಸೆಲ್‌ಗಳಿವೆ. ಕಂಪ್ಯೂಟರ್ ಬಿಡಿಸಿದ ಒಂದು ಪಿಕ್ಸೆಲ್ ಪ್ಯಾನಲ್‌ನ ಒಂದೇ ಪಿಕ್ಸೆಲ್ ಮೇಲೆ ಕೂತರೆ ಸ್ಪಷ್ಟ. ನಡುವೆ ಯಾರಾದರೂ ಚಿತ್ರವನ್ನು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಮಸುಕು. ಆ "ಯಾರಾದರೂ" ನಾಲ್ಕು ಜಾಗದಲ್ಲಿ ಇರಬಹುದು: ಅಪ್ಲಿಕೇಶನ್, ಡೆಸ್ಕ್‌ಟಾಪ್‌ನ ಕಂಪೋಸಿಟರ್ (ಎಲ್ಲ ಕಿಟಕಿ ಸೇರಿಸಿ ಒಂದು ಚಿತ್ರ ಮಾಡೋದು), ಗ್ರಾಫಿಕ್ಸ್‌ನ ಔಟ್‌ಪುಟ್, ಕೊನೆಗೆ ಮಾನಿಟರ್ ಒಳಗಿನ ಸ್ಕೇಲರ್. ಕೊನೆಯಿಂದ ಹಿಂದಕ್ಕೆ ಹುಡುಕುತ್ತಾ ಬನ್ನಿ, ಬೇಗ ಸಿಗ್ತದೆ.

ಹಾಗಾಗಿ ಮೊದಲು ಮಾನಿಟರ್‌ನ ಸ್ವಂತ ಮೆನು. ಕೆಳಗಿನ ಬಟನ್ ಒತ್ತಿ, ಇನ್ಫರ್ಮೇಶನ್ ಅನ್ನೋ ಪುಟ ತೆಗೀರಿ. ಈಗ ಎಷ್ಟು ರೆಸಲ್ಯೂಶನ್ ಒಳಗೆ ಬರ್ತಿದೆ ಅಂತ ಅಲ್ಲಿರ್ತದೆ. ಉಬುಂಟು ಹೇಳೋದಕ್ಕಿಂತ ಇದನ್ನೇ ನಂಬಿ. ನಿಮ್ಮದರಲ್ಲಿ 1920×1080 ಇದೆ ಅಂತಲೇ ನನ್ನ ಲೆಕ್ಕ, ಯಾಕಂದ್ರೆ ನೀವು ಎರಡೂ ಕಡೆ ಒಂದೇ ಚಿತ್ರ, ಅಂದ್ರೆ ಮಿರರ್‌ನಲ್ಲಿ ಇಟ್ಟಿದೀರಿ. ಮಿರರ್ ಮಾಡಿದಾಗ ಎರಡೂ ಪರದೆಗೆ ಒಗ್ಗೋ ಒಂದು ಮೋಡ್ ಬೇಕು. ಲ್ಯಾಪ್‌ಟಾಪ್ ಪರದೆ 1920×1080 ದಾಟೋದಿಲ್ಲವಾದ್ದರಿಂದ ದೊಡ್ಡ ಮಾನಿಟರ್ ಕೂಡ ಅದಕ್ಕೇ ಇಳೀತದೆ. ಅಲ್ಲಿ ಮೂರು ಪಿಕ್ಸೆಲ್ ನಾಲ್ಕು ಪಿಕ್ಸೆಲ್ ಜಾಗ ತುಂಬಬೇಕು. ಸಮನಾಗಿ ಹಂಚಕ್ಕೆ ಬರೋದಿಲ್ಲ, ಮಾನಿಟರ್ ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬಿಸ್ತದೆ. ಒಂದು ಪಿಕ್ಸೆಲ್ ದಪ್ಪದ ಕಪ್ಪು ಗೆರೆ ಎರಡು ಬೂದು ಗೆರೆ ಆಗೋದು ಹೀಗೆ.

ಸೆಟ್ಟಿಂಗ್ಸ್ → ಡಿಸ್‌ಪ್ಲೇಸ್ → ಮಿರರ್ ತೆಗೆದು ಜಾಯಿನ್ ಡಿಸ್‌ಪ್ಲೇಸ್ ಮಾಡಿ. ದೊಡ್ಡ ಮಾನಿಟರ್ ಆರಿಸಿ 2560×1440, 60 ಹರ್ಟ್ಜ್ ಕೊಡಿ. ಲ್ಯಾಪ್‌ಟಾಪ್ ಪರದೆ ಬೇಕಿಲ್ಲದಿದ್ದರೆ ದೊಡ್ಡದನ್ನು ಮಾತ್ರ ಇಟ್ಟುಕೊಳ್ಳಿ. ಕೌಂಟರ್‌ನಲ್ಲಿ ಎರಡೂ ಕಡೆ ಒಂದೇ ಚಿತ್ರ ಬೇಕೇ ಬೇಕು ಅಂದ್ರೆ ಎರಡೂ ಪರದೆ ಒಂದೇ ರೆಸಲ್ಯೂಶನ್‌ನವಾಗಿರಬೇಕು, ಬೇರೆ ದಾರಿ ಇಲ್ಲ.

2560×1440 ಪಟ್ಟಿಯಲ್ಲಿ ಬರದಿದ್ದರೆ ಹಬ್ ಮೇಲೆ ಅನುಮಾನ ಪಡಿ. 60 ಹರ್ಟ್ಜ್‌ನಲ್ಲಿ ಆ ಮೋಡ್‌ಗೆ 241.5 ಮೆಗಾಹರ್ಟ್ಜ್ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್ ಕಳಿಸೋ ವೇಗ) ಬೇಕು. ಹಳೇ ಮಟ್ಟದ ಎಚ್‌ಡಿಎಂಐ ಚಿಪ್ 165ಕ್ಕೆ ನಿಲ್ತದೆ, ಅದರಲ್ಲಿ 1920×1200 ಸಿಕ್ಕಿದರೆ ಹೆಚ್ಚು. ಎಚ್‌ಡಿಎಂಐ 1.4 ಪೂರ್ತಿ ಬೆಂಬಲಿಸೋ ಹಬ್ 340ರವರೆಗೆ ಹೋಗೋದರಿಂದ ನಿಮಗೆ ಸಾಕು. ಮುಂದೆ 4ಕೆ ಮಾನಿಟರ್ ತಗೊಂಡ್ರೆ ಮಾತ್ರ ಅದು ಸಾಲೋದಿಲ್ಲ. 4ಕೆ 60 ಹರ್ಟ್ಜ್‌ಗೆ 594 ಬೇಕು, ಅಂದ್ರೆ ಎಚ್‌ಡಿಎಂಐ 2.0.

ಗಾಜನೂರು

ಮೇಲಿನವರು ಹೇಳಿದ್ದಕ್ಕೆ ಸೇರಿಸೋದು: 125% ಸ್ಕೇಲ್ ಕೂಡ ತೊಂದರೆಯ ಭಾಗ. ನಿಮ್ಮ ಲಿಬ್ರೆಆಫೀಸ್, ಜಾವಾ ಎರಡೇ ಹೆಚ್ಚು ಮಸುಕು ಅನ್ನೋದರಲ್ಲೇ ಉತ್ತರ ಇದೆ.

ವೇಲ್ಯಾಂಡ್ (ಎಕ್ಸ್‌ಆರ್ಗ್ ಬದಲಿಗೆ ಬಂದ ಹೊಸ ವ್ಯವಸ್ಥೆ) ಸೆಷನ್‌ನಲ್ಲಿ ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್ 125% ಹೇಗೆ ಮಾಡ್ತದೆ ಅಂದ್ರೆ, 2560×1440 ಮಾನಿಟರನ್ನು 2048×1152 ಅಂತ ಲೆಕ್ಕ ಹಿಡೀತದೆ. ಭಿನ್ನರಾಶಿ ಸ್ಕೇಲ್ ಗೊತ್ತಿರೋ ಹೊಸ ಅಪ್ಲಿಕೇಶನ್ ನೇರ 1.25 ಪಟ್ಟು ಬಿಡಿಸ್ತದೆ, ಅದು ಸ್ಪಷ್ಟ. ಜಿಟಿಕೆ 3ರಂಥ (ಕಿಟಕಿ, ಬಟನ್ ಬಿಡಿಸೋ ಸಾಧನ) ಹಳೇದರಲ್ಲಿ ಮಾಡಿದ್ದು 2 ಪಟ್ಟು ಬಿಡಿಸ್ತದೆ, ಕಂಪೋಸಿಟರ್ ಅದನ್ನು ಕುಗ್ಗಿಸ್ತದೆ, ಸ್ವಲ್ಪ ಮೆತ್ತಗಾಗ್ತದೆ ಅಷ್ಟೆ. ಆದರೆ ಎಕ್ಸ್‌ವೇಲ್ಯಾಂಡ್ (ಹಳೇ ಎಕ್ಸ್‌ಗೆ ಬರೆದದ್ದನ್ನು ವೇಲ್ಯಾಂಡ್‌ನಲ್ಲಿ ಓಡಿಸೋ ಸೇತುವೆ) ಮೂಲಕ ಓಡೋ ಅಪ್ಲಿಕೇಶನ್‌ಗೆ ಸ್ಕೇಲ್ ವಿಷಯವೇ ತಿಳಿಯೋದಿಲ್ಲ. ಅದು 1 ಪಟ್ಟು ಬಿಡಿಸಿ ಕೊಡ್ತದೆ, ಕಂಪೋಸಿಟರ್ 1.25 ಪಟ್ಟು ಹಿಗ್ಗಿಸ್ತದೆ. ಹಿಗ್ಗಿಸಿದ್ದು ಕುಗ್ಗಿಸಿದ್ದಕ್ಕಿಂತ ಯಾವತ್ತೂ ಕೆಟ್ಟದಾಗೇ ಕಾಣೋದು. ಜಾವಾ ಸ್ವಿಂಗ್ ತಂತ್ರಾಂಶಗಳು ಈ ಗುಂಪಿಗೆ ಸೇರಿದವು. ಫೈರ್‌ಫಾಕ್ಸ್ 121ರಿಂದ, ಅಂದ್ರೆ 2023ರ ಡಿಸೆಂಬರ್‌ನಿಂದ, ತಾನಾಗೇ ವೇಲ್ಯಾಂಡ್‌ನಲ್ಲಿ ಓಡ್ತದೆ. ಅದಕ್ಕೇ ಅದು ನಿಮಗೆ ಪರವಾಗಿಲ್ಲ ಅನ್ನಿಸಿದ್ದು.

ಯಾವುದು ಎಕ್ಸ್ ಅಪ್ಲಿಕೇಶನ್ ಅಂತ ಕಂಡುಹಿಡಿಯೋದು ಸುಲಭ. ಎಕ್ಸ್11-ಆಪ್ಸ್ ಪ್ಯಾಕೇಜ್ ಹಾಕಿ, ಎಕ್ಸ್‌ಐಸ್ ಓಡಿಸಿ. ಎರಡು ಕಣ್ಣು ಬರ್ತವೆ. ಮೌಸ್ ಅನ್ನು ಒಂದೊಂದು ಕಿಟಕಿ ಮೇಲೆ ಆಡಿಸಿ. ಕಣ್ಣು ಹಿಂಬಾಲಿಸಿದರೆ ಆ ಕಿಟಕಿ ಎಕ್ಸ್‌ವೇಲ್ಯಾಂಡ್, ಕಣ್ಣು ಅಲ್ಲಾಡದಿದ್ದರೆ ವೇಲ್ಯಾಂಡ್.

ಲಿಬ್ರೆಆಫೀಸ್‌ನಲ್ಲಿ ಹೆಲ್ಪ್ → ಅಬೌಟ್ ತೆಗೆದು ವಿಸಿಎಲ್ ಅನ್ನೋ ಸಾಲು ನೋಡಿ. ಅಲ್ಲಿ ಜಿಟಿಕೆ3 ಇರಬೇಕು. ಎಕ್ಸ್11 ಅಂತಿದ್ದರೆ ಲಿಬ್ರೆಆಫೀಸ್-ಜಿಟಿಕೆ3 ಅನ್ನೋ ಪ್ಯಾಕೇಜ್ ಬಿಟ್ಟುಹೋಗಿದೆ. ಅದನ್ನು ಎಪಿಟಿಯಿಂದ ಹಾಕಿ, ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೆದರೆ ಬದಲಾಗ್ತದೆ.

ಜಾವಾಕ್ಕೆ ಹೀಗೆ ಮಾಡಕ್ಕೆ ಬರೋದಿಲ್ಲ. ನನ್ನ ಸಲಹೆ: ದೊಡ್ಡ ಮಾನಿಟರ್ ಸ್ಕೇಲ್ 100%ಕ್ಕೆ ಇಳಿಸಿ, ಅಕ್ಷರ ಮಾತ್ರ ದೊಡ್ಡದು ಮಾಡಿ. ಗ್ನೋಮ್ ಟ್ವೀಕ್ಸ್ → ಫಾಂಟ್ಸ್ → ಸ್ಕೇಲಿಂಗ್ ಫ್ಯಾಕ್ಟರ್ 1.15ರಿಂದ ಶುರು ಮಾಡಿ. ಇದು ಚಿತ್ರ ಹಿಗ್ಗಿಸೋದಲ್ಲ, ಅಕ್ಷರವನ್ನೇ ದೊಡ್ಡ ಅಳತೆಯಲ್ಲಿ ಬಿಡಿಸೋದು. ಹಾಗಾಗಿ ಎಷ್ಟು ಇಟ್ಟರೂ ಮಸುಕಾಗೋದಿಲ್ಲ. 27 ಇಂಚಿನ 2560×1440ಕ್ಕೆ ಇಂಚಿಗೆ ಸುಮಾರು 109 ಪಿಕ್ಸೆಲ್ ಬೀಳ್ತದೆ, 100% ಅದಕ್ಕೆ ಹೇಳಿ ಮಾಡಿಸಿದ ಅಳತೆ. ಒಂದು ಅನನುಕೂಲ: ಈ ಫ್ಯಾಕ್ಟರ್ ಎರಡೂ ಪರದೆಗೆ ಒಟ್ಟಿಗೆ ಅನ್ವಯ. ಲ್ಯಾಪ್‌ಟಾಪ್ ಪರದೆ ಇಂಚಿಗೆ 157 ಪಿಕ್ಸೆಲ್ ಇರೋದರಿಂದ ಅಲ್ಲಿ ಅಕ್ಷರ ಸಣ್ಣಗೇ ಕಾಣ್ತದೆ. ಜಾವಾ ತಂತ್ರಾಂಶ ಈ ಫ್ಯಾಕ್ಟರನ್ನೂ ಲೆಕ್ಕಿಸದೆ ಇರಬಹುದು. ಆಗ ಅದರದ್ದೇ ಸೆಟ್ಟಿಂಗ್‌ನಲ್ಲಿ ಫಾಂಟ್ ಅಳತೆ ಏರಿಸಿ.

ಜೋಗದಸಿರಿ, ಸಾಗರ

ಇಷ್ಟೆಲ್ಲ ಯಾಕೆ? ಲಾಗಿನ್ ಪುಟದ ಗೇರ್ ಗುರುತಿನಲ್ಲಿ "ಉಬುಂಟು ಆನ್ ಎಕ್ಸ್‌ಆರ್ಗ್" ಆರಿಸಿದರೆ ಎಕ್ಸ್‌ವೇಲ್ಯಾಂಡ್ ತೊಂದರೆಯೇ ಇಲ್ಲವಲ್ಲ. 125% ಹಾಗೇ ಇಟ್ಟುಕೊಳ್ಳಬಹುದು.

ಗಾಜನೂರು

ಇಲ್ಲ ಸರ್, ಅದರಿಂದ ಹೆಚ್ಚಾಗ್ತದೆ. ಉಬುಂಟು ಎಕ್ಸ್‌ಆರ್ಗ್‌ನಲ್ಲಿ 125% ಕೊಟ್ಟರೆ ಇಡೀ ಡೆಸ್ಕ್‌ಟಾಪ್ ದೊಡ್ಡದಾಗಿ ಬಿಡಿಸಿ ಕೊನೆಗೆ ಔಟ್‌ಪುಟ್‌ನಲ್ಲಿ ಕುಗ್ಗಿಸ್ತದೆ. ವೇಲ್ಯಾಂಡ್‌ನಲ್ಲಿ ಕೆಲವು ಅಪ್ಲಿಕೇಶನ್ ಆದರೂ ಸ್ಪಷ್ಟ ಇರ್ತವೆ, ಇಲ್ಲಿ ಎಲ್ಲವೂ ಮೆತ್ತಗೆ. ಪರೀಕ್ಷೆ ಮಾಡಬೇಕಾದರೆ ಎಕ್ಸ್‌ರ್ಯಾಂಡರ್ (ಪರದೆಯ ಮೋಡ್ ತೋರಿಸೋ, ಬದಲಾಯಿಸೋ ಕಮಾಂಡ್) ಅನ್ನು ವರ್ಬೋಸ್ ಆಯ್ಕೆ ಜತೆ ಓಡಿಸಿ. ಟ್ರಾನ್ಸ್‌ಫಾರ್ಮ್ ಅನ್ನೋ ಸಾಲಿನ ಮೊದಲ ಅಂಕೆ 1.000000 ಇದ್ದರೆ ಔಟ್‌ಪುಟ್‌ನಲ್ಲಿ ಸ್ಕೇಲಿಂಗ್ ಇಲ್ಲ. ಬೇರೆ ಅಂಕೆ ಇದ್ದರೆ ಇದೆ. ಸೆಟ್ಟಿಂಗ್‌ನಲ್ಲಿ 100% ಮಾಡಿದರೆ 1ಕ್ಕೆ ಮರಳ್ತದೆ.

ಇಲ್ಲೊಂದು ಮೋಸ ಹೋಗೋ ಜಾಗ ಇದೆ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ನೋಡಿ, ಅದು ಸ್ಪಷ್ಟವಾಗಿದ್ದರೆ ಮಾನಿಟರ್‌ದೇ ತಪ್ಪು ಅಂತ ಹಲವರು ತೀರ್ಮಾನಿಸ್ತಾರೆ. ಎಕ್ಸ್‌ಆರ್ಗ್‌ನಲ್ಲಿ ಸ್ಕ್ರೀನ್‌ಶಾಟ್ ಹಿಡಿಯೋದು ಕುಗ್ಗಿಸೋದಕ್ಕೆ ಮೊದಲಿನ ಚಿತ್ರವನ್ನು. ಆದ್ದರಿಂದ ಔಟ್‌ಪುಟ್‌ನಲ್ಲಿ ಮಸುಕಾಗ್ತಿದ್ದರೂ ಸ್ಕ್ರೀನ್‌ಶಾಟ್ ಚೆನ್ನಾಗೇ ಬರ್ತದೆ. ಸ್ಕ್ರೀನ್‌ಶಾಟೇ ಮಸುಕಾಗಿದ್ದರೆ ತಪ್ಪು ಅಪ್ಲಿಕೇಶನ್ ಅಥವಾ ಕಂಪೋಸಿಟರ್‌ದು, ಅಷ್ಟನ್ನು ಮಾತ್ರ ಅದರಿಂದ ಖಚಿತವಾಗಿ ಹೇಳಬಹುದು.

ಕೊಡಚಾದ್ರಿ

ಈಗ ವಿಜಿಎ ಡೆಸ್ಕ್‌ಟಾಪ್ ವಿಷಯಕ್ಕೆ ಬರ್ತೀನಿ. ಮಳೆಗಾಲಕ್ಕೂ ಇದಕ್ಕೂ ನಿಜವಾಗಿ ಸಂಬಂಧ ಇದೆ.

ಮಾನಿಟರ್ ತನ್ನ ರೆಸಲ್ಯೂಶನ್ ಪಟ್ಟಿಯನ್ನು ಇಡಿಐಡಿ ಅನ್ನೋ 128 ಬೈಟ್‌ನ ತುಂಡಿನಲ್ಲಿ ಇಟ್ಟುಕೊಂಡಿರ್ತದೆ. ಕಂಪ್ಯೂಟರ್ ಅದನ್ನು ಓದೋದು ವಿಜಿಎ ಕನೆಕ್ಟರ್‌ನ 12 ಮತ್ತು 15ನೇ ಪಿನ್ ಮೂಲಕ. ಚಿತ್ರ ಬರೋದು 1, 2, 3ನೇ ಪಿನ್‌ಗಳಲ್ಲಿ. ನಮ್ಮ ಕಡೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಪಿನ್ ಮೇಲೆ ಕಿಲುಬು ಕಟ್ತದೆ. 12 ಅಥವಾ 15 ಸರಿಯಾಗಿ ತಾಗದಿದ್ದರೂ ಚಿತ್ರ ಮಾಮೂಲಿಯಾಗೇ ಬರ್ತದೆ, ಕಂಪ್ಯೂಟರ್‌ಗೆ ಮಾತ್ರ ಆಚೆ ಯಾವ ಮಾನಿಟರ್ ಇದೆ ಅಂತ ಗೊತ್ತಾಗೋದಿಲ್ಲ. ಆಗ ಅದು ಸುರಕ್ಷಿತ ಅಂತ 1024×768 ಕೊಡ್ತದೆ. 4:3ರ ಆ ಚಿತ್ರವನ್ನು ಮಾನಿಟರ್ 16:9ಕ್ಕೆ ಎಳೆಯೋದರಿಂದ ಅಡ್ಡಕ್ಕೆ 1.875, ಉದ್ದಕ್ಕೆ 1.406 ಪಟ್ಟು. ಎಳೆದ ಹಾಗೆ ಕಾಣೋದೂ ಮಸುಕೂ ಎರಡೂ ಅಲ್ಲಿಂದಲೇ.

ಖಚಿತ ಮಾಡಿಕೊಳ್ಳೋದು: ಸಿಸ್ ಫೋಲ್ಡರ್ ಒಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ. ಅಲ್ಲಿ ಕಾರ್ಡ್0 ಅಥವಾ ಕಾರ್ಡ್1 ಅಂತ ಶುರುವಾಗಿ ವಿಜಿಎ-1 ಅಂತ ಮುಗಿಯೋ ಫೋಲ್ಡರ್ ಇದೆ. ಅದರಲ್ಲಿನ ಇಡಿಐಡಿ ಫೈಲನ್ನು ಡಬ್ಲ್ಯೂಸಿ ಕಮಾಂಡ್‌ನಲ್ಲಿ ಬೈಟ್ ಎಣಿಸಿ. 128 ಅಥವಾ 256 ಬಂದರೆ ಓದಿದೆ. 0 ಬಂದರೆ ಓದಿಲ್ಲ. ಫೈಲ್ ಮ್ಯಾನೇಜರ್ ತೋರಿಸೋ ಅಳತೆ ನೋಡಬೇಡಿ, ಈ ತರದ ಫೈಲ್‌ಗೆ ಅದು ಯಾವಾಗಲೂ 0 ತೋರಿಸ್ತದೆ. ಕೆಲವು ಬೋರ್ಡ್‌ಗಳಲ್ಲಿ ವಿಜಿಎ ಪೋರ್ಟ್ ಒಳಗೊಳಗೇ ಡಿಸ್‌ಪ್ಲೇಪೋರ್ಟ್‌ನಿಂದ ಪರಿವರ್ತನೆ ಆಗಿ ಬರೋದರಿಂದ ಫೋಲ್ಡರ್ ಹೆಸರು ಡಿಪಿ-1 ಅಂತಲೂ ಇರಬಹುದು.

0 ಬಂದರೆ ಡೆಸ್ಕ್‌ಟಾಪ್, ಅದರ ಮಾನಿಟರ್ ಎರಡನ್ನೂ ಆಫ್ ಮಾಡಿ, ಪ್ಲಗ್ ಕಿತ್ತು, ಕೇಬಲ್ ಬಿಚ್ಚಿ. ಮೊದಲು ಪಿನ್ ಎಣಿಸಿ. ಅಗ್ಗದ ಕೇಬಲ್‌ಗಳಲ್ಲಿ ಕೆಲವು ಪಿನ್ ಇರೋದೇ ಇಲ್ಲ. 9ನೇದು ಇಲ್ಲದಿರೋದು ಸಾಮಾನ್ಯ, ಹೆಚ್ಚಿನ ಮಾನಿಟರ್‌ಗೆ ಅಡ್ಡಿಯಿಲ್ಲ. 12 ಅಥವಾ 15 ಇಲ್ಲದ ಕೇಬಲ್‌ನಲ್ಲಿ ಇಡಿಐಡಿ ಬರೋದೇ ಇಲ್ಲ. ಪಿನ್ ಬಗ್ಗಿದ್ದರೆ ಸಣ್ಣ ಇಕ್ಕಳದಲ್ಲಿ ನೆಟ್ಟಗೆ ಮಾಡಿ. ಆಮೇಲೆ 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಕೇಬಲ್‌ನ ಎರಡೂ ತುದಿ ಉಜ್ಜಿ. ಯಂತ್ರದ ಕಡೆಯ ತೂತುಗಳಿಗೆ ಸುರಿಯಬೇಡಿ, ಕೇಬಲ್ ತುದಿ ಒದ್ದೆ ಇರುವಾಗಲೇ ಕೆಲವು ಸಲ ಹಾಕಿ ತೆಗೆದರೆ ಸಾಕು. ಹತ್ತು ನಿಮಿಷ ಒಣಗಿಸಿ, ಜೋಡಿಸಿ, ಎರಡೂ ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ಬಿಗಿಯದೆ ಹಾಗೇ ತೂಗುಬಿಟ್ಟ ಕೇಬಲ್‌ನಲ್ಲೇ ಈ ತೊಂದರೆ ಹೆಚ್ಚು.

ಎಚ್‌ಡಿಎಂಐನಲ್ಲೂ ಇದೇ ಕೆಲಸ 15, 16ನೇ ಪಿನ್ ಮಾಡ್ತವೆ, ಅಲ್ಲೂ ಇದೇ ಕತೆ ಆಗಬಹುದು. ಆದರೆ ಎಚ್‌ಡಿಎಂಐ ಕೇಬಲ್ ಚಿತ್ರವನ್ನು ಮಸುಕು ಮಾಡೋದಿಲ್ಲ. ಅದು ಡಿಜಿಟಲ್. ಕೆಟ್ಟರೆ ಚುಕ್ಕೆ ಮಿನುಗ್ತವೆ, ಪರದೆ ಹೋಗಿಬಂದು ಮಾಡ್ತದೆ. ನೀವು ಕೇಬಲ್ ಬದಲಾಯಿಸಿ ಪ್ರಯೋಜನ ಆಗದೇ ಇದ್ದದ್ದು ಅದಕ್ಕೇ.

ತುಂಗಾತಟ, ತೀರ್ಥಹಳ್ಳಿ

ಬಹಳ ಉಪಕಾರ ಆಯ್ತು. ಮಾನಿಟರ್ ಮೆನುವಿನಲ್ಲಿ 1920×1080 ಅಂತಲೇ ಇತ್ತು. ಮಿರರ್ ತೆಗೆದ ಕೂಡಲೇ 2560×1440 ಬಂತು, ಸ್ಕೇಲ್ 100%, ಫ್ಯಾಕ್ಟರ್ 1.2 ಇಟ್ಟೆ. ಜಾವಾ ತಂತ್ರಾಂಶವೂ ಈಗ ಸ್ಪಷ್ಟ. ಲಿಬ್ರೆಆಫೀಸ್ ವಿಸಿಎಲ್ ಎಕ್ಸ್11 ಅಂತಿತ್ತು, ಪ್ಯಾಕೇಜ್ ಹಾಕಿದೆ. ಇಂಗ್ಲಿಷ್ ಅಕ್ಷರ ಪೂರ್ತಿ ಸರಿ. ಕನ್ನಡದಲ್ಲಿ ದಪ್ಪಕ್ಷರದ ಶೀರ್ಷಿಕೆಗಳು ಮಾತ್ರ ಇನ್ನೂ ಹರಡಿದ ಹಾಗೆ ಇವೆ.

ಡೆಸ್ಕ್‌ಟಾಪ್‌ನಲ್ಲಿ ಇಡಿಐಡಿ 0. ಕೇಬಲ್‌ನಲ್ಲಿ ಎಲ್ಲ ಪಿನ್ ಇವೆ, ಒರೆಸಿದರೂ 0. ಬೇರೆ ಕೇಬಲ್ ಹಾಕಿದರೂ 0. ಅದೇ ಮಾನಿಟರನ್ನು ಲ್ಯಾಪ್‌ಟಾಪ್‌ಗೆ ಪರಿವರ್ತಕದ ಮೂಲಕ ಕೊಟ್ಟರೆ 1920×1080 ಬರ್ತದೆ.

ಕೊಡಚಾದ್ರಿ

ಹಾಗಾದರೆ ಮಾನಿಟರ್ ಸರಿ ಇದೆ, ಡೆಸ್ಕ್‌ಟಾಪ್‌ನ ಪೋರ್ಟ್‌ನಲ್ಲೇ ಡಿಡಿಸಿ, ಅಂದ್ರೆ ಇಡಿಐಡಿ ಓದೋ ಸಾಲು ಹೋಗಿದೆ. ಚಿತ್ರ ಬರೋದರಿಂದ ಮೋಡ್ ಕೈಯಿಂದ ಕೊಟ್ಟರಾಯ್ತು.

ಎಲ್ಲ ಕಡೆ ಹೇಳೋದು ಟೈಮಿಂಗ್ ಲೆಕ್ಕ ಹಾಕೋ ಕಮಾಂಡ್ ಆದ ಸಿವಿಟಿ 1920 1080 60 ಓಡಿಸಿ ಬಂದ ಸಾಲು ಹಾಕಿ ಅಂತ. ಅದು 173.00 ಮೆಗಾಹರ್ಟ್ಜ್‌ನ, ಅಡ್ಡಸಾಲಿಗೆ ಒಟ್ಟು 2576 ಪಿಕ್ಸೆಲ್‌ನ ಟೈಮಿಂಗ್ ಕೊಡ್ತದೆ. ವಿಜಿಎಗೆ ಅದನ್ನು ಹಾಕಬೇಡಿ. ವಿಜಿಎ ಸಂಕೇತದಲ್ಲಿ ಪಿಕ್ಸೆಲ್ ಕ್ಲಾಕ್ ಬರೋದಿಲ್ಲ, ಸಾಲಿನ ಆವರ್ತನ ಅಳೆದು ಒಂದು ಸಾಲಿನಲ್ಲಿ ಎಷ್ಟು ಪಿಕ್ಸೆಲ್ ಅಂತ ಮಾನಿಟರ್ ತನ್ನ ಕೋಷ್ಟಕದಿಂದ ಊಹಿಸ್ತದೆ. ಸಿವಿಟಿಯದ್ದು ಸುಮಾರು 67.16 ಕಿಲೋಹರ್ಟ್ಜ್, ಮಾಮೂಲಿ 1080 ಮೋಡ್ 67.5. ಹತ್ತಿರ ಇರೋದರಿಂದ ಮಾನಿಟರ್ ಇದನ್ನು ಮಾಮೂಲಿ ಅಂತ ತಿಳಿದು 2200 ಪಿಕ್ಸೆಲ್ ಲೆಕ್ಕದಲ್ಲಿ ಮಾದರಿ ತೆಗೆದರೆ, ಪರದೆ ಮೇಲೆ ಒಂದು ಪಟ್ಟಿ ಸ್ಪಷ್ಟ, ಒಂದು ಪಟ್ಟಿ ಮಸುಕು ಹೀಗೆ ಲಂಬವಾಗಿ ಬರ್ತದೆ. ರೆಸಲ್ಯೂಶನ್ ಸರಿ ಇದ್ದೂ ಮಸುಕು.

ಮಾಮೂಲಿ ಟೈಮಿಂಗ್ ಇದು, ಇದೇ ಕ್ರಮದಲ್ಲಿ:

148.50 1920 2008 2052 2200 1080 1084 1089 1125, ಎಚ್‌ಸಿಂಕ್ ವಿಸಿಂಕ್ ಎರಡೂ ಪ್ಲಸ್.

ಎಕ್ಸ್‌ರ್ಯಾಂಡರ್‌ನಲ್ಲಿ ನ್ಯೂಮೋಡ್ ಆಯ್ಕೆ ಕೊಟ್ಟು ಒಂದು ಹೆಸರಿಟ್ಟು ಈ ಸಾಲು ಹಾಕಿ. ನಂತರ ಆಡ್‌ಮೋಡ್‌ನಲ್ಲಿ ವಿಜಿಎ-1ಕ್ಕೆ ಅದೇ ಹೆಸರು ಸೇರಿಸಿ. ಕೊನೆಗೆ ಔಟ್‌ಪುಟ್ ವಿಜಿಎ-1, ಮೋಡ್ ಅದೇ ಹೆಸರು. ಪ್ರತಿ ಆಯ್ಕೆಯ ಮುಂದೆ ಎರಡು ಅಡ್ಡಗೆರೆ. ಸರಿ ಬಂದರೆ ಶಾಶ್ವತ ಮಾಡಿ: ಇಟಿಸಿ ಫೋಲ್ಡರ್‌ನ ಎಕ್ಸ್11 ಒಳಗೆ ಎಕ್ಸ್‌ಆರ್ಗ್.ಕಾನ್ಫ್.ಡಿ ಫೋಲ್ಡರ್ ಮಾಡಿ, ಅದರಲ್ಲಿ ಮಾನಿಟರ್ ಸೆಕ್ಷನ್ ಇರೋ ಒಂದು ಫೈಲ್ ಬರೆಯಿರಿ. ಐಡೆಂಟಿಫೈಯರ್ ವಿಜಿಎ-1, ಮೋಡ್‌ಲೈನ್ ಮೇಲಿನದ್ದು, ಪ್ರಿಫರ್ಡ್‌ಮೋಡ್‌ಗೆ ಆ ಮೋಡ್ ಹೆಸರು. ಎಕ್ಸ್‌ರ್ಯಾಂಡರ್ ಹೀಗೆ ಬದಲಾಯಿಸೋದು ಎಕ್ಸ್‌ಆರ್ಗ್‌ನಲ್ಲಿ ಮಾತ್ರ. ವೇಲ್ಯಾಂಡ್‌ಗೆ ಹೋದರೆ ಈ ಫೈಲ್ ಲೆಕ್ಕಕ್ಕೆ ಬರೋದಿಲ್ಲ.

ಮೋಡ್ ಕೂತ ಮೇಲೆ ಮಾನಿಟರ್‌ನ ಆಟೋ ಅಡ್ಜಸ್ಟ್ ಒತ್ತಲೇಬೇಕು. ಕಪ್ಪು ವಾಲ್‌ಪೇಪರ್ ಇದ್ದಾಗ ಒತ್ತಬೇಡಿ, ಅಂಚು ಎಲ್ಲಿ ಅಂತ ಅದಕ್ಕೆ ತಿಳಿಯೋದಿಲ್ಲ. ಇಮೇಜ್‌ಮ್ಯಾಜಿಕ್‌ನಲ್ಲಿ 1920×1080 ಅಳತೆಗೆ ಗ್ರೇ50 ಪ್ಯಾಟರ್ನ್ ತುಂಬಿದ ಚಿತ್ರ ಮಾಡಿ ಪೂರ್ಣ ಪರದೆಯಲ್ಲಿ 100%ಕ್ಕೆ ತೆರೆಯಿರಿ. ಅದು ಒಂದೊಂದೇ ಪಿಕ್ಸೆಲ್‌ನ ಚೌಕುಳಿ. ಸರಿ ಇದ್ದರೆ ಇಡೀ ಪರದೆ ಒಂದೇ ಬೂದು. ಲಂಬ ಪಟ್ಟಿ ಕಂಡರೆ ಮೆನುವಿನ ಕ್ಲಾಕ್ ತಿರುಗಿಸಿ ಪಟ್ಟಿಗಳನ್ನು ಇಲ್ಲವಾಗಿಸಿ. ಆಮೇಲೂ ಬೂದು ನಡುಗಿದರೆ ಫೇಸ್ ತಿರುಗಿಸಿ. ಕ್ಲಾಕ್ ಮೊದಲು, ಫೇಸ್ ಆಮೇಲೆ. ಇದೇ ಚಿತ್ರವನ್ನು 27 ಇಂಚಿನದರಲ್ಲಿ 2560×1440 ಅಳತೆಗೆ ಮಾಡಿ ನೋಡಿ, ಅಲೆಅಲೆ ಕಂಡರೆ ಇನ್ನೂ ಎಲ್ಲೋ ಸ್ಕೇಲಿಂಗ್ ಉಳಿದಿದೆ.

ಒತ್ತಕ್ಷರ, ಶಿವಮೊಗ್ಗ

ಕನ್ನಡ ದಪ್ಪಕ್ಷರ ಹರಡೋದು ಮಾನಿಟರ್ ತಪ್ಪಲ್ಲ, ಫಾಂಟ್ ತಪ್ಪು. ಲೋಹಿತ್ ಕನ್ನಡದಲ್ಲಿ ಬೋಲ್ಡ್ ಮುಖ ಇಲ್ಲ. ಬೋಲ್ಡ್ ಕೇಳಿದಾಗ ಸಿಸ್ಟಂ ಸಾದಾ ಅಕ್ಷರದ ಅಂಚನ್ನೇ ಊದಿಸಿ ಕೊಡ್ತದೆ. ಇಂಗ್ಲಿಷ್‌ಗೆ ಅದು ಹೇಗೋ ನಡೀತದೆ. ಕನ್ನಡದಲ್ಲಿ ಒತ್ತಿನ ಒಳಗಿನ ಬಿಳಿ ಜಾಗ ಮೊದಲೇ ಒಂದೆರಡು ಪಿಕ್ಸೆಲ್, ಊದಿಸಿದರೆ ಮುಚ್ಚಿಹೋಗ್ತದೆ. 11 ಪಾಯಿಂಟ್ ಅಕ್ಷರಕ್ಕೆ 96 ಡಿಪಿಐನಲ್ಲಿ ಒಟ್ಟು ಸಿಗೋದು 15 ಪಿಕ್ಸೆಲ್ ಎತ್ತರದಷ್ಟು. ಅದರಲ್ಲೇ ಮೂಲಾಕ್ಷರ, ಮೇಲಿನ ಗುಣಿತದ ಗುರುತು, ಕೆಳಗಿನ ಒತ್ತು ಎಲ್ಲ ಹಿಡಿಸಬೇಕು.

ಎಫ್‌ಸಿ-ಮ್ಯಾಚ್ ಕಮಾಂಡ್‌ಗೆ ಭಾಷೆ ಕೆಎನ್ ಅಂತ ಕೊಟ್ಟರೆ ಈಗ ಯಾವ ಕನ್ನಡ ಫಾಂಟ್ ಬಳಕೆಯಲ್ಲಿದೆ ಅಂತ ಹೇಳ್ತದೆ. ಫಾಂಟ್ಸ್-ನೋಟೋ-ಕೋರ್ ಪ್ಯಾಕೇಜ್ ಹಾಕಿ. ನೋಟೋ ಸ್ಯಾನ್ಸ್ ಕನ್ನಡಕ್ಕೆ ನಿಜವಾದ ಬೋಲ್ಡ್ ಇದೆ. ಲಿಬ್ರೆಆಫೀಸ್‌ನಲ್ಲಿ ಕನ್ನಡಕ್ಕೆ ಬೇರೆಯೇ ಫಾಂಟ್ ಖಾನೆ ಇರೋದು ಮರೀಬೇಡಿ: ಟೂಲ್ಸ್ → ಆಪ್ಶನ್ಸ್ → ಲಿಬ್ರೆಆಫೀಸ್ ರೈಟರ್ → ಬೇಸಿಕ್ ಫಾಂಟ್ಸ್, ಸಿಟಿಎಲ್ (ಕನ್ನಡದಂಥ ಸಂಕೀರ್ಣ ಲಿಪಿಗಳ ಖಾನೆ). ಹಳೇ ಕಡತಗಳಲ್ಲಿ ಸ್ಟೈಲ್‌ನಲ್ಲೇ ಬದಲಾಯಿಸಬೇಕು. ಫಾಂಟ್ ಪೆಟ್ಟಿಗೆಯಲ್ಲಿ ಹೆಸರು ಓರೆಯಾಗಿ ಕಂಡರೆ ಆ ಫಾಂಟ್ ನಿಮ್ಮಲ್ಲಿಲ್ಲ, ಬದಲಿ ಬಂದಿದೆ ಅಂತ ಅರ್ಥ.

ಟ್ವೀಕ್ಸ್‌ನಲ್ಲಿ ಹಿಂಟಿಂಗ್ (ಅಕ್ಷರದ ಗೆರೆಗಳನ್ನು ಪಿಕ್ಸೆಲ್‌ಗೆ ಹೊಂದಿಸೋದು) ಸ್ಲೈಟ್ ಇಡಿ. ಫುಲ್ ಇಟ್ಟರೆ ಕನ್ನಡದ ದುಂಡು ಸೊಟ್ಟಗಾಗ್ತದೆ. ಆಂಟಿಅಲಿಯಾಸಿಂಗ್ (ಅಕ್ಷರದ ಅಂಚು ನಯ ಮಾಡೋದು) 100% ಸ್ಕೇಲ್‌ನಲ್ಲಿ ಸಬ್‌ಪಿಕ್ಸೆಲ್ ಚೆನ್ನ. ಭಿನ್ನ ಸ್ಕೇಲ್‌ಗೆ ವಾಪಸ್ ಹೋದರೆ, ಅಥವಾ ಮಾನಿಟರನ್ನು ಲಂಬವಾಗಿ ನಿಲ್ಲಿಸಿದರೆ ಸ್ಟ್ಯಾಂಡರ್ಡ್‌ಗೆ ಬನ್ನಿ, ಇಲ್ಲದಿದ್ದರೆ ಅಕ್ಷರದ ಅಂಚಿಗೆ ಕೆಂಪು ನೀಲಿ ಬಣ್ಣ ಬರ್ತದೆ. ಮಾನಿಟರ್ ಮೆನುವಿನ ಶಾರ್ಪ್‌ನೆಸ್ ಕೂಡ ನೋಡಿ. ತೀರಾ ಏರಿಸಿದ್ದರೆ ಅಕ್ಷರದ ಸುತ್ತ ಬಿಳಿ ನೆರಳು ಬಂದು ಒತ್ತು ಇನ್ನೂ ಕಲಸಿಹೋಗ್ತದೆ. ಆ ಚೌಕುಳಿ ಚಿತ್ರ ತೆರೆದಿಟ್ಟು, ಪಕ್ಕದಲ್ಲಿ ಕನ್ನಡ ಪುಟ ಇಟ್ಟುಕೊಂಡು ಹೊಂದಿಸಿ.

ಗಾಜನೂರು

ಒಂದು ಉಳೀತು. ಲಾಗಿನ್ ಪುಟ ಇನ್ನೂ ಹಳೇ ಅಳತೆಯಲ್ಲೇ ಬರ್ತಿದ್ದರೆ, ನಿಮ್ಮ ಮನೆ ಫೋಲ್ಡರ್‌ನ .ಕಾನ್ಫಿಗ್ ಒಳಗಿರೋ ಮಾನಿಟರ್ಸ್.ಎಕ್ಸ್‌ಎಂಎಲ್ ಫೈಲನ್ನು ವಾರ್ → ಲಿಬ್ → ಜಿಡಿಎಂ3 → .ಕಾನ್ಫಿಗ್‌ಗೆ ಸುಡೋ ಕೊಟ್ಟು ನಕಲಿಸಿ, ಮಾಲೀಕತ್ವ ಜಿಡಿಎಂಗೆ (ಲಾಗಿನ್ ಪುಟ ನಡೆಸೋ ಖಾತೆಗೆ) ಮಾಡಿ. ಹಬ್ ಅಥವಾ ಪೋರ್ಟ್ ಬದಲಾಯಿಸಿದರೆ ಆ ಫೈಲ್‌ನಲ್ಲಿರೋ ಕನೆಕ್ಟರ್ ಹೆಸರು ಹೊಂದೋದಿಲ್ಲ, ಆಗ ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಸರಿಮಾಡಿ ಮತ್ತೆ ನಕಲಿಸಬೇಕು.